ಮನೆ ಜೋಡಿ

ಚನ್ನಗಿರಿಯ ಪ್ರೆಸ್ಸಿನಿಂದ ಪೋಸ್ಟರಿನ ಕಟ್ಟು ಮನೆಗೆ ಬಂದಾಗ ಶಾಂತಲಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗಂಡ ಗುರುಬಸವರಾಜ್ ಕಟ್ಟನ್ನು ಪಡಸಾಲೆಯ ನಡುವೆ ಇಳಿಸಿ, ಹುರಿಯನ್ನು ಹಲ್ಲಿನಿಂದಲೇ ಕಡಿದು, ಮೇಲಿನ ಪೋಸ್ಟರನ್ನು ಎತ್ತಿ ಗೋಡೆಯ ಮೇಲಿದ್ದ ಅಪ್ಪನ ಫೋಟೋಕ್ಕೆ ತೋರಿಸಿದ. ಕುಸ್ತಿ ಷಣ್ಮುಖಪ್ಪ ಅಂದರೆ ಸುತ್ತಿನ ಸೀಮೆಗೆಲ್ಲ ಗೊತ್ತಿದ್ದ ಹೆಸರು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಈ ನಾಲ್ಕು ಊರುಗಳಲ್ಲಿ ಟಿಕೆಟ್ ಇಟ್ಟು ಬಯಲು ಕುಸ್ತಿ ಆಡಿಸುತ್ತಲೇ ತಲೆ ಬೆಳ್ಳಗಾದ ಮನುಷ್ಯ. ಯಾವ ಗರಡಿಯಲ್ಲಿ ಯಾರು ಮೈ ಕಟ್ಟಿದ್ದಾನೆ, ಯಾರಿಗೆ ಯಾರನ್ನು ಜೋಡಿ ಹಾಕಿದರೆ ಜನ ಮುಗಿಬೀಳುತ್ತಾರೆ ಅನ್ನುವುದು ಅವರ ನಾಲಿಗೆಯ ತುದಿಯಲ್ಲಿತ್ತು. ಅವರು ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಗ್ಯಾಲರಿ ಕಟ್ಟಲು ಅವರು ತಂದಿಟ್ಟ ಹಲಗೆ, ಕುರ್ಚಿ, ಮೈಕ್ ಸೆಟ್ಟುಗಳನ್ನೇ ಈಗ ಮಗ ಮದುವೆ, ಸಭೆ ಸಮಾರಂಭಗಳಿಗೆ ಬಾಡಿಗೆಗೆ ಕೊಟ್ಟು ಸಂಸಾರ ನಡೆಸುತ್ತಿದ್ದ. ವರ್ಷಾಬ್ದಿಕಕ್ಕೆ ಅಪ್ಪನ ಹೆಸರಲ್ಲಿ ತಮ್ಮೂರು ನ್ಯಾಮತಿಯ ಸಂತೆ ಮೈದಾನದಲ್ಲಿ ಒಂದು ದೊಡ್ಡ ಕುಸ್ತಿ ಆಡಿಸಬೇಕು ಅನ್ನುವುದು ಅವನ ಹಟ.

ಮಗಳು ಮೇಘಶ್ರೀ ಪೋಸ್ಟರನ್ನು ಕಿತ್ತುಕೊಂಡು ಮೈಕಿನಲ್ಲಿ ಕೂಗುವವರ ಹಾಗೆ ಓದತೊಡಗಿದಳು. ಸ್ವಾಮಿಗಳ ಹೆಸರು ಬಂತು, ಬೆಳ್ಳಿ ಕಡಗ ಕೊಡುವವರ ಹೆಸರು ಬಂತು. ಕೊನೆಯ ಸಾಲಿಗೆ ಬಂದು ಅವಳ ದನಿ ನಿಂತಿತು.

“‘ಜೋಡಿ ಸಿಗದ ಪೈಲ್ವಾನರಿಗೆ ನಮ್ಮ ಮನೆಯವರೇ ಜೋಡಿಯಾಗುವರು.’ ಅಪ್ಪಾ, ನಮ್ಮನೇಲಿ ಇಳಿಯೋರು ಯಾರು? ನೀನಾ?”

ಗುರುಬಸವರಾಜನ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವಂಥದ್ದು. ಮಗ ಪ್ರವೀಣ್ ಕುಮಾರ್ ನಕ್ಕ, ಗುರುಬಸವರಾಜನೂ ನಕ್ಕ. ಮೂಲೆಯಲ್ಲಿ ಅಡಿಕೆ ಹೋಳು ಮಾಡುತ್ತಿದ್ದ ಅತ್ತೆ ಕಸ್ತೂರಮ್ಮ ಮಾತ್ರ ನಗಲಿಲ್ಲ. ಅಡಕೊತ್ತನ್ನು ತೊಡೆಯ ಮೇಲಿಟ್ಟು, “ಆ ಸಾಲು ಯಾಕೆ ಹಾಕಿಸಿದ್ಯೋ?” ಅಂದರು.

“ಅಪ್ಪನ ಪೋಸ್ಟರ್ ಹೆಂಗಿತ್ತೋ ಹಂಗೇ ಇರಲಿ ಅಂದೆ. ಪ್ರೆಸ್ಸಿನೋರು ಹಂಗೇ ಹೊಡ್ದಾರೆ.”

“ನಿಮ್ಮಪ್ಪ ಆ ಸಾಲಿನ ಹಿಂದೆ ಒಬ್ಬ ಆಳಿಟ್ಟಿರೋನು.”

ಅದು ಶಾಂತಲಾಗೂ ಗೊತ್ತಿತ್ತು. ಪ್ರತಿ ಕುಸ್ತಿಗೂ ತಿಂಗಳ ಮುಂಚೆ ಮಾವ ಎಲ್ಲಿಂದಲೋ ಒಬ್ಬ ಗಟ್ಟಿ ಆಳನ್ನು ಕರೆತಂದು, ಹಿತ್ತಲ ಕೋಣೆಯಲ್ಲಿ ಇರಿಸಿ, ‘ನಮ್ಮ ಮನೆ ಹುಡುಗ’ ಅಂತ ಊರಿಗೆಲ್ಲ ಹೇಳುತ್ತಿದ್ದರು. ಕೆರೆಬಿಳಚಿಯ ತೌರು ಬಿಟ್ಟು ಬಂದ ಮೇಲೆ ಅವಳ ಅರ್ಧ ಹರೆಯ ಅಂಥವರಿಗೆ ರೊಟ್ಟಿ ಬಡಿಯುವುದರಲ್ಲೇ ಕಳೆದಿತ್ತು. ಗುರುಬಸವರಾಜ್ ಆಗೆಲ್ಲ ಗ್ಯಾಲರಿ ಕಟ್ಟುವ ಉಸಾಬರಿಯಲ್ಲಿ ಹೊರಗೇ ಇರುತ್ತಿದ್ದ. ಸಾಲು ನೋಡಿದ್ದ, ಅದರ ಹಿಂದಿನ ಆಳನ್ನು ಮರೆತಿದ್ದ. ಅಷ್ಟರಲ್ಲಿ ಸವಳಂಗದಿಂದ ಜಗಳೂರಿನವರೆಗೆ ಪೋಸ್ಟರು ಅಂಟಿಸಿ ಆಗಿತ್ತು.

ಮೂರು ನಾಲ್ಕು ದಿನ ಕಳೆದು ಎಲ್ಲರೂ ಉಣ್ಣಲು ಕೂತಾಗ ಫೋನು ಬಂತು. ಗುರುಬಸವರಾಜನ ಕೈ ಎಂಜಲಾಗಿತ್ತು. ಮೇಘಶ್ರೀ ಸ್ಪೀಕರ್ ಒತ್ತಿ ತಟ್ಟೆಯ ಪಕ್ಕದಲ್ಲಿಟ್ಟಳು.

“ನಮಸ್ಕಾರ ಅಣ್ಣಾ. ಜಗಳೂರಿಂದ ತಿಪ್ಪೇರುದ್ರ. ಓಂಕಾರಪ್ಪನ ಮಗ.”

ಕಸ್ತೂರಮ್ಮನ ಕೈಯ ತುತ್ತು ತಟ್ಟೆಗೆ ಬಿತ್ತು.

“ನಂಗೆ ಜೋಡಿ ಹುಡುಕಬ್ಯಾಡಿ ಅಣ್ಣಾ. ನಿಮ್ಮ ಮನೇರ ಜೊತೆನೇ ಆಡ್ತೀನಿ. ಪೋಸ್ಟರಲ್ಲಿ ಐತಲ್ಲ. ಇಡ್ಲಾ?”

ಇಟ್ಟ. ದನಿಯಲ್ಲಿ ಸಿಟ್ಟಿರಲಿಲ್ಲ, ಏರಿಳಿತವೂ ಇರಲಿಲ್ಲ.

ಓಂಕಾರಪ್ಪನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಶಾಂತಲಾ ಮದುವೆಯಾಗಿ ಬಂದ ವರ್ಷ ಹೊನ್ನಾಳಿಯಲ್ಲಿ ಮಾವ ಕುಸ್ತಿ ಆಡಿಸಿದ್ದರು. ಮೊದಲ ಜೋಡಿಯೇ ಜಗಳೂರಿನ ಓಂಕಾರಪ್ಪ ಮತ್ತು ಮಹಾರಾಷ್ಟ್ರದ ಒಬ್ಬ ಪೈಲ್ವಾನ್. ಓಂಕಾರಪ್ಪ ಹಿಂದಿನ ದಿನವೇ ಈ ಮನೆಗೆ ಬಂದು ಉಳಿದಿದ್ದ. ಬೆಳಿಗ್ಗೆ ಅವನ ತಟ್ಟೆಯಲ್ಲಿ ಮುರಿದ ರೊಟ್ಟಿ ಹಾಗೇ ಉಳಿಯಿತು. ಕಣ್ಣು ಕೆಂಡ, ಮೈ ಬೆಂಕಿ. ಹೊಸ ಸೊಸೆ ಅತ್ತೆಗೆ ಹೇಳಿದಳು, ಅತ್ತೆ ಮಾವನಿಗೆ ಹೇಳಿದರು. ಮಾವ ರುಮಾಲು ಸುತ್ತುತ್ತಲೇ, “ಟಿಕೆಟ್ ಹರಿದಾಗೈತೆ, ಈಗ ಹೇಳಾಕೆ ಬರಲ್ಲ” ಅಂದರು. ಓಂಕಾರಪ್ಪನ ಕೈ ಮುಟ್ಟಿಯೂ ನೋಡಲಿಲ್ಲ. ಸಂಜೆ ಕಣದಲ್ಲಿ ಎದುರಾಳಿ ಗಂಟಲ ಕೆಳಗೆ ತೋಳು ಹೊಗಿಸಿ ಎಸೆದಾಗ ಅವನು ಕತ್ತಿನ ಮೇಲೆ ಬಿದ್ದ. ಅವನ ಮೇಲೆ ಆ ಇನ್ನೊಬ್ಬನ ಭಾರವೆಲ್ಲ ಬಿತ್ತು. ಬಾರಿಸುತ್ತಿದ್ದ ಹಲಗೆ ಒಮ್ಮೆಲೇ ನಿಂತಿತಂತೆ. ಅವತ್ತಿನಿಂದ ಓಂಕಾರಪ್ಪನಿಗೆ ಕುತ್ತಿಗೆಯ ಕೆಳಗಿನ ಮೈ ತನ್ನದಲ್ಲ. ಮಾವ ಇರುವಷ್ಟು ದಿನ ಯುಗಾದಿಗೆ ಒಂದು ಚೀಲ ಅಕ್ಕಿ ಕಳಿಸಿದರು. ತಾವು ಮಾತ್ರ ಆ ಮನೆಯ ಹೊಸಿಲು ತುಳಿಯಲಿಲ್ಲ.

ಊಟ ಅರ್ಧಕ್ಕೆ ನಿಂತಿತು. ಪ್ರವೀಣ ತಟ್ಟೆಯಲ್ಲೇ ಕೈ ತೊಳೆದು ಹೇಳಿದ, “ನಾನಿಳೀತೀನಿ.”

“ಇಳಿದು?” ಅಂದಳು ಶಾಂತಲಾ.

“ಇಳಿದು ಆಡ್ತೀನಿ. ಗರಡಿಗೆ ಹೋಗೋದು ಯಾಕೆ ಮತ್ತೆ, ಕಸ ಗುಡಿಸಾಕಾ?”

“ಅವನು ಕುಸ್ತಿ ಆಡಾಕೆ ಬರ್ತಿಲ್ಲ ಕಣೋ. ನಿನ್ನ ಕುತ್ತಿಗೆಗೆ ಬರ್ತಿದಾನೆ.”

ಗುರುಬಸವರಾಜ್ ಮೊದಲು ಹೆದರಿದ. ಹರಿಹರ, ದಾವಣಗೆರೆ ಕಡೆಗೆಲ್ಲ ಫೋನು ಮಾಡಿ ಒಬ್ಬ ಆಳು ಸಿಗುತ್ತಾನೋ ಅಂತ ಹುಡುಕಿದ. ತಿಪ್ಪೇರುದ್ರನ ಹೆಸರು ಕೇಳಿದವರೆಲ್ಲ ಯಾರದೋ ಮದುವೆ, ಯಾರದೋ ಸಾವು ಅಂತ ಜಾರಿಕೊಂಡರು. ಗರಡಿಯ ಉಸ್ತಾದ್ ಪರಶುರಾಮ್ ಮನೆಗೇ ಬಂದು, ಹುಡುಗನಿಗೆ ಇನ್ನೂ ಎರಡು ವರ್ಷ ಬೇಕು, ಮೈ ಬಂದಿದೆ, ಕುತ್ತಿಗೆ ಬಂದಿಲ್ಲ ಅಂತ ಹೇಳಿ ಚಹಾ ಕುಡಿಯದೇ ಹೋದ. ಹೆದರಿಕೆಯಲ್ಲಿ ಒಂದು ವಾರ ಕಳೆದ ಮೇಲೆ ಗುರುಬಸವರಾಜ್ ಅದನ್ನು ಮೀಸೆಯ ಕೆಳಗೆ ಅಡಗಿಸಿಕೊಂಡು, ಅಪ್ಪನ ಮಾತು ಸುಳ್ಳಾಗಬಾರದು, ಸೋತರೆ ಸೋಲಲಿ, ಮನೆಯವರು ಇಳಿದರು ಅನ್ನುವುದು ಉಳಿಯಲಿ ಅಂತ ಶುರು ಮಾಡಿದ. ಬಜಾರದಲ್ಲಿ ನಾಲ್ಕು ಜನ ಬೆನ್ನು ತಟ್ಟಿದ್ದೇ ಅವನಿಗೆ ಸಾಕಾಗಿತ್ತು.

ಮನೆಯಲ್ಲಿ ಹಾಲು ಹೆಚ್ಚಾಯಿತು, ಬಾದಾಮಿ ಬಂತು, ತುಪ್ಪದ ಡಬ್ಬಿ ಬಂತು. ಬೆಳಿಗ್ಗೆ ಬಾದಾಮಿ ಅರೆದು ಹಾಲಿಗೆ ಬೆರೆಸಿ ಮಗನ ಕೈಗೆ ಕೊಡುವುದು ಶಾಂತಲಾಳ ಕೆಲಸ. ಅವನು ತಲೆ ಹಿಂದಕ್ಕೆ ಚೆಲ್ಲಿ ಕುಡಿಯುವಾಗ ಗಂಟಲ ಗಂಟು ಮೇಲೆ ಕೆಳಗೆ ಆಡುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಉಣ್ಣಲು ಬಗ್ಗಿದರೆ ಅವನ ಹಿಂಗತ್ತು ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಎಣ್ಣೆ ನೀವಿದ ಕತ್ತು ಅದು. ಒಗೆದ ಬಟ್ಟೆ ಹಿಂಡಲು ಅವಳಿಂದ ಆಗುತ್ತಿರಲಿಲ್ಲ. ಒದ್ದೆ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದೊಡನೆ ಏನೋ ನೆನಪಾಗಿ ಕೈ ಬಿಟ್ಟುಬಿಡುತ್ತಿದ್ದಳು. ಹಿತ್ತಲ ಹಗ್ಗದ ಮೇಲೆ ಬಟ್ಟೆಗಳು ನೀರು ತೊಟ್ಟಿಕ್ಕುತ್ತಲೇ ನೇತಾಡುತ್ತಿದ್ದವು.

“ಅಮ್ಮ, ಇದೇನು ಬಟ್ಟೆ ಒಣಹಾಕಿದೀಯೋ, ಹನಿ ನೀರಾವರಿ ಮಾಡಿದೀಯೋ?” ಅಂತ ಮೇಘಶ್ರೀ ಅಣಕಿಸಿದಳು. ಆಮೇಲೆ ಅಮ್ಮನ ಮುಖ ನೋಡಿ, ತಾನೇ ಬಂದು ಒಂದೊಂದೇ ಬಟ್ಟೆ ಹಿಂಡಿ ಹಾಕಿದಳು. ಮುಂದೆ ಅಣಕಿಸಲಿಲ್ಲ.

ಒಂದು ಮಂಗಳವಾರ ಕಸ್ತೂರಮ್ಮ ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು ಬಂದು, “ನಡಿಯೇ, ಜಗಳೂರಿಗೆ ಹೋಗಿ ಬರಣ” ಅಂದರು. ಗಂಡಸರಿಗೆ ಹೇಳಿದ್ದು ಕೆರೆಬಿಳಚಿಗೆ ಹೋಗುತ್ತೇವೆ ಅಂತ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ದಾವಣಗೆರೆಯಲ್ಲಿ ಬದಲಿಸಿ, ಅತ್ತೆ ಸೊಸೆ ಜಗಳೂರು ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ಮಡಿಲಲ್ಲಿ ಒಂದು ಡಜನ್ ಬಾಳೆಹಣ್ಣು ಇತ್ತು. ಆ ಮನೆಯ ಬಾಗಿಲಲ್ಲಿ ನಿಂತಾಗ ಆ ಬಾಳೆಹಣ್ಣಿಗೆ ಇಬ್ಬರಿಗೂ ನಾಚಿಕೆಯಾಯಿತು.

ಓಂಕಾರಪ್ಪನ ಹೆಂಡತಿ ಹೊನ್ನೂರಮ್ಮ ಅವರನ್ನು ಗುರುತು ಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಳಗೆ ಕರೆದು ಚಾಪೆ ಹಾಸಿದಳು. ಸೊಂಟ ಹಿಡಿದುಕೊಂಡು ನಡೆಯುತ್ತಿದ್ದಳು. ಒಳಮನೆಯ ಮಂಚದ ಮೇಲೆ ಓಂಕಾರಪ್ಪ ಸೂರು ನೋಡುತ್ತ ಮಲಗಿದ್ದ. ಮುಖ ಮಾತ್ರ ಹಳೆಯ ಪೈಲ್ವಾನನದು. ಅದರ ಕೆಳಗೆ ಹೊದಿಕೆ ನೆಲಕ್ಕೆ ಹಾಸಿದಂತೆ ಚಪ್ಪಟೆಯಾಗಿತ್ತು.

ಕಸ್ತೂರಮ್ಮ ಬಂದ ವಿಷಯ ಹೇಳಿ ಮುಗಿಸುವ ತನಕ ಹೊನ್ನೂರಮ್ಮ ಕೇಳಿದಳು.

“ಇಷ್ಟು ವರ್ಷಕ್ಕೆ ಬಂದ್ರಿ. ನಮ್ಮನೇರನ್ನ ನೋಡಾಕೆ ಬಂದ್ರಿ ಅಂದ್ಕಂಡೆ.”

“ನೋಡಾಕೂ ಬಂದ್ವಿ ತಾಯಿ.”

“ಇಲ್ಲ ಬಿಡ್ರಿ. ನಿಮ್ಮ ಕೂಸಿನ ಕುತ್ತಿಗೆ ಕೇಳಾಕೆ ಬಂದೀರಿ. ನಾನೂ ತಾಯಿ, ಗೊತ್ತಾಗ್ತೈತೆ. ಆದ್ರೆ ನನ್ನ ಮಾತು ಅವನು ಈ ವಿಷ್ಯದಾಗೆ ಕೇಳಲ್ಲ. ಉಂಡು ಹೋಗ್ರಿ.”

ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಅಲ್ಲಿ ಉಣ್ಣುವುದು ಹೇಗೆ, ಬಿಡುವುದು ಹೇಗೆ? ಶಾಂತಲಾ ಮುದ್ದೆಯನ್ನು ಸಾರಿನಲ್ಲಿ ಹೊರಳಿಸುತ್ತ ಕೂತಿದ್ದಾಗ ತಿಪ್ಪೇರುದ್ರ ಹೊರಗಿನಿಂದ ಬಂದ. ಬಾಗಿಲು ತುಂಬುವ ಆಳು. ಹೆಂಗಸರಿಗೆ ಕೈ ಮುಗಿದು, ಕುಡಿಯಲು ನೀರು ತಂದಿಟ್ಟು, ನೇರ ಒಳಮನೆಗೆ ಹೋದ. ಅಪ್ಪನನ್ನು ಹೊರಳಿಸುವ ಹೊತ್ತಾಗಿತ್ತು. ಒಂದು ಕೈ ಕತ್ತಿನ ಕೆಳಗೆ ತೂರಿಸಿ, ಇನ್ನೊಂದನ್ನು ಸೊಂಟದ ಕೆಳಗೆ ಹಾಕಿ, ಮೊದಲು ಭುಜ, ಆಮೇಲೆ ಸೊಂಟ, ಕೊನೆಗೆ ಕಾಲು ಅಂತ ಬಾಳೆ ಎಲೆ ಮಗುಚುವಷ್ಟು ನಯವಾಗಿ ಮಗ್ಗುಲು ಬದಲಿಸಿದ. ಆ ಕೈಗಳು ಎಷ್ಟು ದೊಡ್ಡವು ಅಂದರೆ ಅಪ್ಪನ ಇಡೀ ತಲೆ ಒಂದು ಅಂಗೈಯಲ್ಲಿ ಕೂತಿತ್ತು. ಶಾಂತಲಾ ಆ ಅಂಗೈಯನ್ನೇ ನೋಡಿದಳು.

ಅವರತ್ತ ತಿರುಗಿ ಮಲಗಿದ ಓಂಕಾರಪ್ಪ ಮೊದಲ ಸಲ ಬಾಯಿ ಬಿಟ್ಟ.

“ಹುಡುಗನ ಕುತ್ತಿಗೆ ದಪ್ಪ ಐತಾ?”

ಶಾಂತಲಾ ತಟ್ಟೆ ಎತ್ತಿಕೊಂಡು ಎದ್ದಳು. ತಿಪ್ಪೇರುದ್ರ ಅವರನ್ನು ಬಸ್ ಸ್ಟ್ಯಾಂಡಿನವರೆಗೂ ನಡೆಸಿಕೊಂಡು ಬಂದ. ಬಸ್ಸು ಹತ್ತುವಾಗ ಅವಳು ತಡೆಯಲಾರದೇ, ನನ್ನ ಮಗ ನಿನಗೆ ಏನು ಮಾಡಿದ್ದಾನಪ್ಪಾ ಅಂತ ಕೇಳಿದಳು. ಅವನು ಸ್ವಲ್ಪ ಯೋಚಿಸಿದ. “ಏನೂ ಮಾಡಿಲ್ಲಮ್ಮ. ನಮ್ಮಪ್ಪನೂ ಯಾರಿಗೂ ಏನೂ ಮಾಡಿರಲಿಲ್ಲ,” ಅಂದು ಅತ್ತೆಗೆ ಕೈ ಕೊಟ್ಟು ಮೆಟ್ಟಿಲು ಹತ್ತಿಸಿದ.

ಅಲ್ಲಿಂದ ಶಾಂತಲಾಳ ನಿದ್ದೆ ಹಾರಿತು. ದಿನ ಹತ್ತಿರವಾದಂತೆಲ್ಲ ಹಿತ್ತಲಿನಿಂದ ಹಲಗೆಗಳು ಹೊರಗೆ ಹೋದವು, ಕುರ್ಚಿಗಳು ಹೋದವು. ಕಣಕ್ಕೆ ಕೆಮ್ಮಣ್ಣು ಜರಡಿ ಹಿಡಿದು, ಅರಿಸಿನ, ಮಜ್ಜಿಗೆ, ಎಣ್ಣೆ ಕಲಸಿದರು. ಮನೆ ಬರಿದಾಗುತ್ತಿದ್ದಂತೆ ಮಾತು ಕೂಡ ಪ್ರತಿಧ್ವನಿಸತೊಡಗಿತು. ಅವಳು ಗಂಡನ ಮುಂದೆ ಅತ್ತಳು, ಬೈದಳು, ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಬೆಂಕಿ ಹತ್ತಿದ ಮೇಲೆ ಬಾವಿ ತೋಡಿದರೆ ಏನು ಬಂತು ಅಂತ ಕಸ್ತೂರಮ್ಮ ನಿಟ್ಟುಸಿರು ಬಿಟ್ಟರು.

ಕುಸ್ತಿಯ ದಿನ ಬೆಳಿಗ್ಗೆ ಶಾಂತಲಾ ಅತ್ತೆಯ ಔಷಧಿ ಡಬ್ಬಿ ತೆಗೆದಳು. ಹೊಟ್ಟೆ ಕಟ್ಟಿದಾಗ ಅತ್ತೆ ಕುಡಿಯುವ ಸೋನಾಮುಖಿ ಎಲೆ ಅದರಲ್ಲಿತ್ತು. ಒಂದು ಹಿಡಿ ಎಲೆ ಕುದಿಸಿ, ಸೋಸಿ, ಬಾದಾಮಿ ಹಾಲಿಗೆ ಬೆರೆಸಿ, ಕಹಿ ಗೊತ್ತಾಗದಂತೆ ಬೆಲ್ಲವನ್ನೂ ಏಲಕ್ಕಿಯನ್ನೂ ಹೆಚ್ಚಾಗಿ ಹಾಕಿದಳು. ಪಾಯಿಖಾನೆ ಬಿಟ್ಟು ಬರಲಾಗದವನು ಕಣಕ್ಕೆ ಹೇಗೆ ಹೋದಾನು ಅನ್ನುವುದು ಅವಳ ಲೆಕ್ಕ. ಪ್ರವೀಣ ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡು, “ಇವತ್ತು ಚೆನ್ನಾಗೈತೆ ಅಮ್ಮ” ಅಂದ. ಆ ಮಾತು ಅವಳ ಎದೆಗೆ ಚುಚ್ಚಿತು, ಆದರೂ ಲೋಟ ತೊಳೆದಿಟ್ಟಳು.

ಹತ್ತು ಗಂಟೆಗೆಲ್ಲ ಹುಡುಗ ಹಿತ್ತಲಿಗೂ ಒಳಗೂ ಅಲೆಯತೊಡಗಿದ. ಮಧ್ಯಾಹ್ನದ ಹೊತ್ತಿಗೆ ಮುಖ ಬಿಳಚಿ, ಕಣ್ಣು ಗುಳಿ ಬಿದ್ದವು. ಅವಳು ಅಂದುಕೊಂಡದ್ದಕ್ಕಿಂತ ಹೆಚ್ಚೇ ಆಗಿತ್ತು. ಉಪ್ಪು ಸಕ್ಕರೆ ನೀರು ಮಾಡಿ ಕುಡಿಸಿ, ಗಂಡನನ್ನು ಮೈದಾನದಿಂದ ಕರೆಸಿ ಹೇಳಿದಳು, ಹುಡುಗನಿಗೆ ಆಗುವುದಿಲ್ಲ, ಮೈಕಿನಲ್ಲಿ ಹೇಳಿಬಿಡಿ.

ಗುರುಬಸವರಾಜ್ ತಲೆಗೆ ಅಪ್ಪನ ಹಳೇ ರುಮಾಲು ಸುತ್ತಿಕೊಂಡಿದ್ದ. ಮಗನ ಮುಖ ನೋಡಿದ, ಬಾಗಿಲ ಹೊರಗೆ ಜನ ಹೋಗುವುದನ್ನು ನೋಡಿದ.

“ಟಿಕೆಟ್ ಹರಿದಾಗೈತೆ. ಈಗ ಹೇಳಾಕೆ ಬರಲ್ಲ.”

ಕಸ್ತೂರಮ್ಮ ಕೂತಲ್ಲಿಂದ ಎದ್ದರು. ಮತ್ತೆ ಕೂತರು. ಅದೇ ರುಮಾಲು, ಅದೇ ಮಾತು. ಶಾಂತಲಾಗೆ ಆಗ ಹೊಳೆಯಿತು, ತಾನು ಮಾಡಿದ್ದು ಏನು ಅಂತ. ಕಾಯಿಲೆ ಬಿದ್ದವನನ್ನು ಕಣಕ್ಕೆ ಕಳಿಸಿದ್ದು ಅವತ್ತು ಮಾವ. ಇವತ್ತು ಮಗನನ್ನು ಹಾಗೆ ಸಜ್ಜು ಮಾಡಿದ್ದು ಅವಳ ಕೈ.

ಅವಳು ಮಗನ ಕಾಲಿನ ಹತ್ತಿರ ಕುಸಿದು ಕೂತು, ಹೋಗಬೇಡ ಅಂದಳು.

“ಹೋಗ್ದಿದ್ರೆ ಏನಂತಾರೆ ಗೊತ್ತಾ? ಕುಸ್ತಿ ಷಣ್ಮುಖಪ್ಪನ ಮೊಮ್ಮಗ ಹೆದರಿ ಚಡ್ಡೀಲೇ ಮಾಡ್ಕಂಡ ಅಂತಾರೆ. ಸಾಯೋತನಕ ಅಂತಾರೆ.”

“ಹಾಲಿಗೆ ಸೋನಾಮುಖಿ ಹಾಕಿದ್ದು ನಾನು ಕಣೋ. ನಿಂಗೆ ಏನೂ ಆಗಿಲ್ಲ. ಹೆದರಿಕೆಗೆ ಆಗಿದ್ದಲ್ಲ.”

ಪ್ರವೀಣ ಅವಳನ್ನು ನೋಡಿ ಸಣ್ಣಗೆ ನಕ್ಕ. “ನನ್ನ ತಡೆಯಾಕೆ ಇನ್ನೂ ಏನೇನು ಸುಳ್ಳು ಹೇಳ್ತೀಯಮ್ಮಾ” ಅಂತ ಎದ್ದು, ಗೋಡೆ ಹಿಡಿದುಕೊಂಡು ಒಂದು ಕ್ಷಣ ನಿಂತು, ಅಪ್ಪನ ಹಿಂದೆ ಹೋದ.

ಶಾಂತಲಾ ಹಿಂದೆಂದೂ ಕಣಕ್ಕೆ ಹೋದವಳಲ್ಲ. ಈಗ ಹುಡುಗಿಯರೂ ಕುಸ್ತಿ ಆಡುವುದರಿಂದ ಹೆಂಗಸರಿಗೆ ಅಂತ ಒಂದು ಸಾಲು ಕುರ್ಚಿ ಹಾಕಿದ್ದರು. ಅತ್ತೆ ಮತ್ತು ಮಗಳ ನಡುವೆ ಅವಳು ಕೂತಳು. ಸಣ್ಣ ಜೋಡಿಗಳು ಬಂದವು, ಹೋದವು. ಅವಳಿಗೆ ಏನೂ ಕಾಣಲಿಲ್ಲ. ಕೆಮ್ಮಣ್ಣಿನ ಆಚೆ ದಡದಲ್ಲಿ ಟವೆಲ್ ಹೊದ್ದು ಕೂತ ಮಗ ಮಾತ್ರ ಕಾಣುತ್ತಿದ್ದ. ಕೊನೆಗೆ ತಿಪ್ಪೇರುದ್ರ ಇಳಿದ. ಜೋಡಿ ಬೇಕೆಂದು ಒಂದು ಕೈ ಮೇಲೆತ್ತಿ ಕಣವನ್ನು ಒಂದು ಸುತ್ತು ಬಂದ. ಯಾರೂ ಏಳಲಿಲ್ಲ. ಮೈಕಿನಲ್ಲಿ ಗುರುಬಸವರಾಜನ ದನಿ ಒಡೆದು ಬಂತು, ಈಗ ಮನೆ ಜೋಡಿ. ಜನ ಸಿಳ್ಳೆ ಹೊಡೆದರು. ಪ್ರವೀಣ ಟವೆಲ್ ಬಿಟ್ಟು ಇಳಿದ.

ಪದ್ಧತಿಯಂತೆ ಇಬ್ಬರೂ ಬಗ್ಗಿ ಮಣ್ಣು ತೆಗೆದು ಒಬ್ಬರ ಭುಜಕ್ಕೆ ಒಬ್ಬರು ಹಾಕಿದರು. ಕೈ ಕೂಡಿಸಿದರು. ಹಲಗೆಯ ಬಡಿತ ಜೋರಾಯಿತು. ತಿಪ್ಪೇರುದ್ರ ಹುಡುಗನ ಮಣಿಕಟ್ಟು ಹಿಡಿದವನು ಹಿಡಿದೇ ನಿಂತ. ಅವನ ಹುಬ್ಬು ಗಂಟಿಕ್ಕಿತು. ಮಣಿಕಟ್ಟು ಬಿಟ್ಟು ಅಂಗೈಯನ್ನು ಹುಡುಗನ ಹಿಂಗತ್ತಿಗೆ ಇಟ್ಟ. ಶಾಂತಲಾ ಮೇಘಶ್ರೀಯ ತೊಡೆಯನ್ನು ಹಿಡಿದದ್ದು ಎಷ್ಟು ಬಿಗಿಯಾಗಿತ್ತೆಂದರೆ, ಆ ಬೆರಳಿನ ಗುರುತು ಮಾರನೆಯ ದಿನವೂ ಇತ್ತು.

ಪ್ರವೀಣ ಕಾಲಿಗೆ ಕೈ ಹಾಕಲು ನುಗ್ಗಿದ. ಅದರಲ್ಲಿ ಬಲವೇ ಇರಲಿಲ್ಲ. ಎದುರಿನವನು ಪಕ್ಕಕ್ಕೆ ಸರಿದ, ಹುಡುಗ ಮುಗ್ಗರಿಸಿ ಮಂಡಿಯೂರಿದ. ಮರುಗಳಿಗೆ ತಿಪ್ಪೇರುದ್ರ ಅವನ ಬೆನ್ನ ಮೇಲಿದ್ದ. ಅವನ ತೋಳು ಹುಡುಗನ ಗಂಟಲ ಕೆಳಗೆ ಹೊಕ್ಕಿತು. ಕಣದ ಸುತ್ತ ಇದ್ದ ಹಳಬರಿಗೆ ಆ ಪಟ್ಟು ಗೊತ್ತಿತ್ತು, ಹೊನ್ನಾಳಿಯಲ್ಲಿ ನೋಡಿದ್ದರು. ಹಲಗೆ ನಿಂತಿತು.

ಶಾಂತಲಾಗೆ ಕಣ್ಣು ಮುಚ್ಚಲಾಗಲಿಲ್ಲ. ಅದಕ್ಕೇ ಅವಳಿಗೆ ಕಂಡಿತು. ಗಂಟಲ ಕೆಳಗಿದ್ದ ತೋಳು ನಿಧಾನಕ್ಕೆ ಹಿಂದಕ್ಕೆ ಜಾರಿ ಕತ್ತಿನ ಕೆಳಗೆ ಬಂತು. ಇನ್ನೊಂದು ಕೈ ಸೊಂಟದ ಕೆಳಗೆ ಹೋಯಿತು. ಮೊದಲು ಭುಜ, ಆಮೇಲೆ ಸೊಂಟ, ಕೊನೆಗೆ ಕಾಲು. ಅವಳು ನೋಡಿದ್ದಳು ಇದನ್ನು, ಮುದ್ದೆಯ ತಟ್ಟೆಯ ಮುಂದೆ ಕೂತು. ಅವಳ ಮಗನ ಎರಡೂ ಭುಜ ಕೆಮ್ಮಣ್ಣಿಗೆ ತಾಕಿದಾಗ ಅವನ ತಲೆ ಇನ್ನೂ ಆ ಅಂಗೈಯಲ್ಲೇ ಇತ್ತು. ತಿಪ್ಪೇರುದ್ರ ಆ ತಲೆಯನ್ನು ಕೊನೆಗೆ ನೆಲಕ್ಕೆ ಇಳಿಸಿ, ಕೈ ತೆಗೆದ.

ಜನಕ್ಕೆ ಇದು ರುಚಿಸಲಿಲ್ಲ. ಇದೇನು ಕುಸ್ತಿಯೋ ಕೂಸು ಮಲಗಿಸೋದೋ ಅಂದರು. ಒಪ್ಪಂದದ ಕುಸ್ತಿ, ದುಡ್ಡು ವಾಪಸ್ ಕೊಡಿ ಅಂದರು. ಚಪ್ಪಲಿಯೂ ಒಂದೆರಡು ಬಿದ್ದವು. ಷಣ್ಮುಖಪ್ಪನವರ ಹೆಸರು ಅವತ್ತು ಅದೇ ಮಣ್ಣಿನಲ್ಲಿ ಹೊರಳಿತು. ಗುರುಬಸವರಾಜ್ ಮೈಕ್ ಹಿಡಿದು ನಿಂತೇ ಇದ್ದ.

ತಿಪ್ಪೇರುದ್ರ ಬೆಳ್ಳಿ ಕಡಗಕ್ಕೂ ನಿಲ್ಲದೇ ಹೆಂಗಸರ ಸಾಲಿನ ಹತ್ತಿರ ಬಂದ. ಮೈಗೆಲ್ಲ ಮಣ್ಣು.

“ಅಮ್ಮ, ಹುಡುಗನ ಮೈ ತಣ್ಣಗೈತೆ. ಬೆವರು ಹಾವಿನ ಮೈ ಇದ್ದಂಗೈತೆ. ಮನೇಲಿ ಯಾರೂ ಮುಟ್ಟಿ ನೋಡಲಿಲ್ವಾ?”

ಅತ್ತೆ ತಲೆ ತಗ್ಗಿಸಿದರು.

“ಏನಾತು ಅಂತ ನಮ್ಮಪ್ಪ ಕಾಯ್ತಿರ್ತಾನೆ. ನಾ ಹೇಳಿದ್ರೆ ನಂಬಲ್ಲ. ಹುಡುಗ ಹುಷಾರಾದ ಮೇಲೆ ಕರ್ಕಂಡು ಬನ್ನಿ.”

ಅವನು ಬೇಡಿದ್ದೋ, ಅಪ್ಪಣೆ ಮಾಡಿದ್ದೋ ಶಾಂತಲಾಗೆ ತಿಳಿಯಲಿಲ್ಲ.

ಹುಡುಗ ಎರಡು ದಿನದಲ್ಲಿ ಚೇತರಿಸಿಕೊಂಡ. ಮೂರನೆಯ ದಿನ ಅಮ್ಮ ಕೊಟ್ಟ ಹಾಲಿನ ಲೋಟವನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

“ಅವತ್ತು ಹೇಳಿದ್ದು ನಿಜಾನಾ?”

ಶಾಂತಲಾ ಹೌದೆಂದು ತಲೆಯಾಡಿಸಿದಳು. ಅವನು ಲೋಟವನ್ನು ಹಾಗೇ ಕಟ್ಟೆಯ ಮೇಲಿಟ್ಟು ಹೊರಗೆ ಹೋದ. ಅಲ್ಲಿಂದ ಅವಳು ಕೊಟ್ಟದ್ದನ್ನೆಲ್ಲ ಮೂಸುವುದು ಅವನಿಗೆ ಅಭ್ಯಾಸವಾಯಿತು. ಸಾರು, ಮಜ್ಜಿಗೆ, ಕೊನೆಗೆ ನೀರು ಕೂಡ. ಬೇಕಂತ ಮಾಡುತ್ತಿರಲಿಲ್ಲ, ಕೈ ತಾನಾಗಿ ಮೂಗಿಗೆ ಹೋಗುತ್ತಿತ್ತು. ಅವನು ಬೈದಿದ್ದರೆ ಅವಳು ಸಹಿಸುತ್ತಿದ್ದಳು. ಗುರುಬಸವರಾಜನಿಗೂ ವಿಷಯ ಗೊತ್ತಾಗಿ ಮನೆ ಎರಡು ದಿನ ಹೊತ್ತಿ ಉರಿಯಿತು. ಮರ್ಯಾದೆ ತೆಗೆದೆ, ಅಪ್ಪನ ಹೆಸರಿಗೆ ಹೊಟ್ಟೆ ಕೆಡಿಸಿದೆ ಅಂತ ಅವನು ಕೂಗಾಡಿದ. ಆಗ ಕಸ್ತೂರಮ್ಮ ಗೋಡೆಯ ಕಡೆ ನೋಡುತ್ತ ಹೇಳಿದರು, “ಅವಳು ಹಾಲಿಗೆ ಹಾಕಿದ್ದು ಒಂದು ಹಿಡಿ ಸೊಪ್ಪು. ನೀನು ಕಳಿಸ್ದೆ. ನಿಮ್ಮಪ್ಪನೂ ಕಳಿಸ್ದ. ಸುಮ್ನಿರು.” ಅಪ್ಪನ ಆ ಹಳೇ ರುಮಾಲು ಎಲ್ಲಿ ಹೋಯಿತೋ, ಮಾರನೆಯ ದಿನದಿಂದ ಯಾರಿಗೂ ಕಾಣಲಿಲ್ಲ.

ಜಗಳೂರಿಗೆ ಹೋಗಬೇಕಿತ್ತು. ಹೋಗದಿದ್ದರೆ ಒಂದು ಹೆದರಿಕೆ, ಹೋದರೆ ಇನ್ನೊಂದು. ಅಲ್ಲಿ ಆ ಮಂಚದ ಮೇಲಿನ ಮನುಷ್ಯ ಮಗನಿಗೆ ಏನು ಕೇಳುತ್ತಾನೋ, ಯಾವ ಮಾತು ಹಾಕುತ್ತಾನೋ. ಹಾಸಿಗೆ ಹಿಡಿದವರ ಬಾಯಿಂದ ಬಂದ ಮಾತು ಸುಳ್ಳಾಗುವುದಿಲ್ಲ ಅಂತ ಅವಳ ತೌರಿನಲ್ಲಿ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಪ್ರವೀಣನೇ ಅಂಗಿ ಹಾಕಿಕೊಂಡು ಬಂದು, “ನಡಿ” ಅಂದ. ಎಲ್ಲಿಗೆ ಅಂತ ಅವಳು ಕೇಳಲಿಲ್ಲ. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ಹೊರಟಾಗ ಹಿಂದಿನಿಂದ ಕುರ್ಚಿ ಸಾಗಿಸುವ ಗೂಡ್ಸ್ ಗಾಡಿ ಬಂದು ನಿಂತಿತು. ಗುರುಬಸವರಾಜ್ ಮುಂದಕ್ಕೇ ನೋಡುತ್ತ, ಹತ್ತಿ ಅಂದ. ದಾರಿಯುದ್ದಕ್ಕೂ ಹಿಂದೆ ಖಾಲಿ ಡಬ್ಬಿ ಗಡಗಡ ಸದ್ದು ಮಾಡುತ್ತಿತ್ತು. ಜಗಳೂರಿನ ಆ ಮನೆಯ ಮುಂದೆ ಅವನು ಇಂಜಿನ್ ಆರಿಸಿದ, ಇಳಿಯಲಿಲ್ಲ.

ತಿಪ್ಪೇರುದ್ರ ಕೆಲಸಕ್ಕೆ ಹೋಗಿದ್ದ. ಹೊನ್ನೂರಮ್ಮ ಬಾಗಿಲು ಪೂರ್ತಿ ತೆರೆದಳು. ಓಂಕಾರಪ್ಪ ಅವತ್ತಿನ ಹಾಗೇ ಇತ್ತ ಮಗ್ಗುಲಾಗಿ ಮಲಗಿದ್ದ. ಪ್ರವೀಣ ಮಂಚದ ಹತ್ತಿರ ಹೋಗಿ ನಿಂತ, ಪಾದ ಮುಟ್ಟಿದ. ಆ ಪಾದಕ್ಕೆ ಮುಟ್ಟಿದ್ದು ಗೊತ್ತಾಗಲಿಲ್ಲ.

“ಕುತ್ಕ. ಇಲ್ಲಿ, ನನಗೆ ಕಾಣೋ ಹಂಗೆ.”

ಹುಡುಗ ಮಂಡಿಯೂರಿ ಕೂತ. ಮುದುಕನ ಕಣ್ಣು ಅವನ ಮುಖ ಬಿಟ್ಟು ಕೆಳಗಿಳಿದು ಕತ್ತಿನ ಮೇಲೆ ನಿಂತಿತು. ಶಾಂತಲಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

“ಪಟ್ಟು ಹಾಕಿದ್ನಂತೆ.”

“ಹಾಕಿದ್ದ. ಆಮೇಲೆ ಬಿಟ್ಟ.”

“ಹೊರಳಿಸು ನೋಡಣ.”

ಪ್ರವೀಣನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕತ್ತನ್ನು ಬಲಕ್ಕೆ ತಿರುಗಿಸಿದ. ನಿಧಾನಕ್ಕೆ ಎಡಕ್ಕೆ ತಿರುಗಿಸಿದ. ತಲೆ ಹಿಂದಕ್ಕೆ ಚೆಲ್ಲಿದ, ಗಂಟಲ ಗಂಟು ಮೇಲೆದ್ದು ಕಂಡಿತು. ಗದ್ದ ಎದೆಗೆ ತಾಗುವ ಹಾಗೆ ಬಗ್ಗಿಸಿದ. ಓಂಕಾರಪ್ಪ ಕಣ್ಣು ಮಿಟುಕಿಸದೇ ನೋಡುತ್ತಿದ್ದ, ಮಕ್ಕಳು ಬುಗುರಿ ತಿರುಗುವುದನ್ನು ನೋಡುವ ಹಾಗೆ. ಹೊನ್ನೂರಮ್ಮ ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದು ಹುಡುಗನ ಕೈಗೆ ಕೊಟ್ಟಳು. ಅವನು ಅದನ್ನು ಮೂಸಲಿಲ್ಲ, ಕುಡಿದ. ಶಾಂತಲಾ ಅದನ್ನೂ ನೋಡಿದಳು.

ಹೊರಗೆ ಗಾಡಿಯ ಬಾಗಿಲು ತೆರೆದ ಸದ್ದಾಯಿತು.

“ಇನ್ನೊಂದ್ಸಲ,” ಅಂದ ಓಂಕಾರಪ್ಪ.